ಬಸುರಿಯರ ಬಾಯಿಯನ್ನೂ ಒಮ್ಮೆ ನೋಡಿ

ಮಾನ್ಯರೇ,

ನಮ್ಮ ಚಾಳಿನಲ್ಲಿ ಬಾಡಿಗೆಗಿರುವ, ಕಲಬುರಗಿ ಕಡೆಯಿಂದ ಬಂದ ಕಟ್ಟಡ ಕಾರ್ಮಿಕರ ಮನೆಯ ಸೊಸೆಗೆ ಐದನೆಯ ತಿಂಗಳಿನಲ್ಲಿ ಹಲ್ಲುಜ್ಜಿದಾಗಲೆಲ್ಲ ವಸಡಿನಿಂದ ರಕ್ತ ಬರತೊಡಗಿತು. ‘ಬಸಿರಿನಲ್ಲಿ ಇದೆಲ್ಲ ಇದ್ದದ್ದೇ’ ಎಂದ ಅತ್ತೆ ಬ್ರಶ್ ಬಿಡಿಸಿ, ತಂಬಾಕಿನ ಪುಡಿಯಾದ ಮಿಶ್ರಿಯಿಂದ ತಿಕ್ಕಿಕೊಳ್ಳಲು ಹೇಳಿದರು. ನಾನು ಒತ್ತಾಯದಿಂದ ಹತ್ತಿರದ ದಂತ ಚಿಕಿತ್ಸಾಲಯವೊಂದಕ್ಕೆ ಕರೆದೊಯ್ದರೆ, ಬಾಯಿಯನ್ನೂ ನೋಡದೆ ‘ಹೆರಿಗೆಯಾದ ಮೇಲೆ ಬನ್ನಿ’ ಎಂದು ಕಳುಹಿಸಿದರು. ಆ ಎರಡೂ ಮಾತುಗಳು ತಪ್ಪು ಎಂಬುದನ್ನು ಮುಂಬಯಿಯ ಕನ್ನಡಿಗರಿಗೆ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಗರ್ಭ ಧರಿಸಿದಾಗ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು ಏರುವುದರಿಂದ, ಹಲ್ಲಿನ ಬುಡದಲ್ಲಿ ಕಟ್ಟುವ ಪಾಚಿಯಂಥ ಲೇಪಕ್ಕೆ ವಸಡು ಮಾಮೂಲಿಗಿಂತ ಹೆಚ್ಚು ಕೆರಳಿ, ಕೆಂಪಾಗಿ ಊದಿಕೊಂಡು ರಕ್ತ ಸುರಿಸುತ್ತದೆ. ಇದು ಸಾಮಾನ್ಯವಾಗಿ ಎರಡನೆಯ ತಿಂಗಳಿನಲ್ಲಿ ಆರಂಭವಾಗಿ ಎಂಟನೆಯ ತಿಂಗಳಿನ ಹೊತ್ತಿಗೆ ಹೆಚ್ಚಾಗುತ್ತದೆ. ಸ್ವಚ್ಛತೆ ಇದ್ದರೆ ಹೆರಿಗೆಯ ನಂತರ ಇಳಿಯುತ್ತದೆ. ಆದರೆ ಸೋಂಕು ವಸಡಿನಿಂದ ಹಲ್ಲನ್ನು ಹಿಡಿದಿಟ್ಟ ಎಲುಬಿಗೆ ಇಳಿದರೆ, ಹೋದ ಎಲುಬು ಮತ್ತೆ ತಾನಾಗಿ ಬೆಳೆಯುವುದಿಲ್ಲ. ಹೊಟ್ಟೆಯ ಕೂಸು ತಾಯಿಯ ಹಲ್ಲಿನ ಸುಣ್ಣವನ್ನು ಹೀರಿಕೊಳ್ಳುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು; ಹಲ್ಲು ಸಡಿಲಾಗಲು ನಿಜವಾದ ಕಾರಣ ಈ ಸೋಂಕೇ.

ಕೂಸಿನ ವಿಷಯಕ್ಕೆ ಬಂದರೆ, ತೀವ್ರ ವಸಡು ರೋಗವಿರುವ ತಾಯಂದಿರಲ್ಲಿ 37 ವಾರ ತುಂಬುವ ಮೊದಲೇ ಹೆರಿಗೆಯಾಗುವುದು ಮತ್ತು ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳು ಹುಟ್ಟುವುದು ಹೆಚ್ಚೆಂದು 1996ರಿಂದೀಚೆಗೆ ಅನೇಕ ಅಧ್ಯಯನಗಳು ತೋರಿಸಿವೆ. ಬಾಯಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ರಕ್ತದ ಮೂಲಕ, ಹೊಟ್ಟೆಯ ಕೂಸಿಗೆ ಆಹಾರ ಒದಗಿಸುವ ಮಾಸಿನವರೆಗೆ ತಲುಪಿದ್ದೂ ಕಂಡುಬಂದಿದೆ. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು: 2006ರಲ್ಲಿ ಪ್ರಕಟವಾದ ಅಮೆರಿಕದ 823 ಗರ್ಭಿಣಿಯರ ಅಧ್ಯಯನದಲ್ಲಿ, ಬಸಿರಿನ ನಡುವೆ ಕೊಟ್ಟ ಚಿಕಿತ್ಸೆಯಿಂದ ವಸಡು ಸುಧಾರಿಸಿತೇ ಹೊರತು ಅಕಾಲಿಕ ಹೆರಿಗೆಗಳು ಕಡಿಮೆಯಾಗಲಿಲ್ಲ. ಆದರೂ ಆ ಚಿಕಿತ್ಸೆಯಿಂದ ತಾಯಿಗಾಗಲಿ ಕೂಸಿಗಾಗಲಿ ಅಪಾಯವಿಲ್ಲವೆಂಬುದು ಅದರಿಂದಲೇ ಗೊತ್ತಾಯಿತು. ಆದ್ದರಿಂದ ಮದುವೆಯಾದ ಹೊಸದರಲ್ಲೇ, ಬಸುರಾಗುವ ಮೊದಲೇ ಬಾಯಿ ತೋರಿಸಿಕೊಳ್ಳುವುದು ಉತ್ತಮ. ಆಗದಿದ್ದರೆ ನಾಲ್ಕರಿಂದ ಆರನೆಯ ತಿಂಗಳು ಅನುಕೂಲದ ಕಾಲ. ಹಲ್ಲು ಕ್ಲೀನಿಂಗ್ ಮಾಡಿಸುವುದಕ್ಕೆ ಅಂಜಬೇಕಾಗಿಲ್ಲ. ನೋವು, ಕೀವು ಇದ್ದರಂತೂ ಯಾವ ತಿಂಗಳಾದರೂ ತಡಮಾಡಬಾರದು. ವಾಂತಿಯಾದ ಕೂಡಲೇ ಹಲ್ಲುಜ್ಜದೆ ನೀರು ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಬೇಕು.

ಮಿಶ್ರಿಯ ಬಗೆಗೆ ನನಗೆ ಹೆಚ್ಚು ಸಂಕಟವಿದೆ. ಹುರಿದ ತಂಬಾಕಿನ ಈ ಪುಡಿಯನ್ನು ನಮ್ಮ ಹೆಣ್ಣುಮಕ್ಕಳು ತಂಬಾಕೆಂದು ಎಣಿಸುವುದೇ ಇಲ್ಲ; ಹಲ್ಲುಪುಡಿ ಎಂದುಕೊಂಡು ದಿನಕ್ಕೆ ನಾಲ್ಕಾರು ಸಲ ವಸಡಿಗೆ ಹಚ್ಚುತ್ತಾರೆ. ಇದೇ ಮುಂಬಯಿಯ 1217 ಗರ್ಭಿಣಿಯರನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಹೊಗೆಯಿಲ್ಲದ ತಂಬಾಕನ್ನು ಬಳಸುವ ತಾಯಂದಿರ ಕೂಸುಗಳು ಸರಾಸರಿ 105 ಗ್ರಾಂ ಕಡಿಮೆ ತೂಕದವಾಗಿದ್ದವು ಮತ್ತು ಸುಮಾರು ಆರು ದಿನ ಮೊದಲೇ ಹುಟ್ಟಿದ್ದವು. ಕುಬಸದ ದಿನ ಹಸಿರು ಸೀರೆ ಉಡಿಸಿ ಉಡಿ ತುಂಬುವ ಅತ್ತೆಯೇ ಮರುದಿನ ಬೆಳಗ್ಗೆ ಸೊಸೆಯ ಕೈಗೆ ಮಿಶ್ರಿಯ ಡಬ್ಬಿ ಕೊಡುವುದು ತಿಳಿವಳಿಕೆಯ ಕೊರತೆಯಿಂದಲೇ ಹೊರತು ಪ್ರೀತಿಯ ಕೊರತೆಯಿಂದಲ್ಲ.

ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರ ಉಚಿತ ತಪಾಸಣೆ 2016ರಿಂದ ನಡೆಯುತ್ತಿದೆ. ಅಲ್ಲಿ ತೂಕ, ರಕ್ತದೊತ್ತಡ ನೋಡುವಾಗಲೇ ‘ವಸಡಿನಿಂದ ರಕ್ತ ಬರುತ್ತದೆಯೇ, ಮಿಶ್ರಿ ಹಚ್ಚುತ್ತೀಯಾ’ ಎಂಬ ಎರಡು ಪ್ರಶ್ನೆ ಕೇಳಿ, ಬೇಕಾದವರನ್ನು ಮುಂಬಯಿ ಸೆಂಟ್ರಲ್‌ನಲ್ಲಿರುವ ಪಾಲಿಕೆಯದೇ ಆದ ನಾಯರ್ ದಂತ ಕಾಲೇಜಿಗೋ ಫೋರ್ಟಿನ ಸರಕಾರಿ ದಂತ ಕಾಲೇಜಿಗೋ ಕಳುಹಿಸಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ. ಮರಾಠಿ, ಹಿಂದಿ ಬಾರದ ನಮ್ಮ ಸೊಸೆಯಂದಿರು ಅಲ್ಲಿ ಬಾಯಿ ತೆರೆಯಲೂ ಹಿಂಜರಿಯುತ್ತಾರೆ. ಆದ್ದರಿಂದ ನಮ್ಮ ಕನ್ನಡ ಸಂಘಗಳು ತಮ್ಮ ಆರೋಗ್ಯ ಶಿಬಿರಗಳಿಗೆ ದಂತವೈದ್ಯರನ್ನೂ ಕರೆಯಬೇಕು. ಬೆಳಗ್ಗೆ ಕೂಲಿಯವರು ನೆರೆಯುವ ನಾಕಾಗಳಲ್ಲಿ ಈ ವಿಷಯದ ಕನ್ನಡ ಕರಪತ್ರಗಳನ್ನು ಹಂಚಬೇಕು. ಓದಲು ಬಾರದವರಿಗೆ ಓದಿ ಹೇಳಲು ನನ್ನಂಥ ನಿವೃತ್ತ ಶಿಕ್ಷಕಿಯರು ಸಿದ್ಧರಿದ್ದೇವೆ.

— ನಿವೃತ್ತ ಶಿಕ್ಷಕಿ, ಭಾಂಡುಪ್, ಮುಂಬಯಿ