ಅಮ್ಮನಿಗೆ ಒಮೆಗಾ ಸೆಂಟಾರಿ ತೋರಿಸಿದವರಿಗೆ

ಏಪ್ರಿಲ್‌ನಲ್ಲಿ ತುಮಕೂರು ಕಡೆಯ ತೋಟದಲ್ಲಿ ನಕ್ಷತ್ರ ನೋಡುವ ರಾತ್ರಿ ಇತ್ತಲ್ಲ, ಅಲ್ಲಿಗೆ 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ತಂದಿದ್ದ ಸರ್, ನಿಮಗೆ ತುಂಬಾ ಥ್ಯಾಂಕ್ಸ್. ಕತ್ತಲಲ್ಲಿ ನಿಮ್ಮ ಮುಖವೂ ಸರಿಯಾಗಿ ಕಾಣಲಿಲ್ಲ.

ಮಂಡಿನೋವಿನ ಅಮ್ಮ ಸಾಲಿನಲ್ಲಿ ನಿಂತಿದ್ದು ನೋಡಿ ನೀವೇ ಪ್ಲಾಸ್ಟಿಕ್ ಸ್ಟೂಲ್ ತಂದು ಹಾಕಿದಿರಿ. ನಮ್ಮ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದಿರಿ. ಬಿಳಿ ಬೆಳಕು ಬಿದ್ದರೆ ಕಣ್ಣು ಮತ್ತೆ ಕತ್ತಲಿಗೆ ಒಗ್ಗಲು ಅರ್ಧ ಗಂಟೆಯಾದರೂ ಬೇಕು, ಅಲ್ವಾ?

ಆಮೇಲೆ ದಕ್ಷಿಣಕ್ಕೆ ತಿರುಗಿಸಿ ಒಮೆಗಾ ಸೆಂಟಾರಿ ಅನ್ನೋ ನಕ್ಷತ್ರಗಳ ಗುಂಪು ತೋರಿಸಿದಿರಿ. ಅಮ್ಮನಿಗೆ ಮೊದಲು ಬರೀ ಮಬ್ಬು. "ನೇರ ನೋಡಬೇಡಿ ಅಮ್ಮ, ಸ್ವಲ್ಪ ಪಕ್ಕಕ್ಕೆ ನೋಡಿ" ಅಂದಿರಿ. ಮಂದ ಬೆಳಕನ್ನು ಹಿಡಿಯೋದು ಕಣ್ಣಿನ ನಡುಭಾಗಕ್ಕಿಂತ ಅದರ ಸುತ್ತಲಿನ ಭಾಗವೇ ಜಾಸ್ತಿ. "ಅಯ್ಯೋ, ಯಾರೋ ರವೆ ಚೆಲ್ಲಿದ್ದಾರೆ!" ಅಂತ ಅಮ್ಮ ಕೂಗಿದ್ದಕ್ಕೆ ಸಾಲಿನವರೆಲ್ಲ ನಕ್ಕರು. ಸುಮಾರು 17,000 ಬೆಳಕಿನ ವರ್ಷ ದೂರದ, ಒಂದು ಕೋಟಿಯಷ್ಟು ನಕ್ಷತ್ರಗಳ ಗುಂಪು ಅದು. ಯುರೋಪಿನ ಹೆಚ್ಚಿನ ಕಡೆ ಕಾಣುವುದೇ ಇಲ್ಲ. ನಮಗೆ ಸುಮ್ನೆ ಸಿಕ್ಕಿದೆ!

ಬಾಹ್ಯಾಕಾಶ ನಿಲ್ದಾಣದಂಥ ಉಪಗ್ರಹಗಳ ಗುರುತೂ ನೀವೇ ಹೇಳಿದ್ದು: ಮಿಣುಕಿದರೆ ವಿಮಾನ, ಒಂದೇ ಸಮ ಹೊಳೆಯುತ್ತಾ ಸಾಗಿ ಭೂಮಿಯ ನೆರಳಲ್ಲಿ ಆರಿಹೋದರೆ ಉಪಗ್ರಹ. ಅಮ್ಮ ಈಗ ಅಕ್ಕಪಕ್ಕದ ಮಕ್ಕಳನ್ನೆಲ್ಲ ತಾರಸಿಗೆ ಕರೆದು ಇದನ್ನೇ ಹೇಳುತ್ತಾರೆ.

ಮುಂದಿನ ಸಲವೂ ಬನ್ನಿ ಸರ್. ಅವತ್ತು ಎಲ್ಲರಿಗೂ ತೋರಿಸುತ್ತಾ ನೀವು ಊಟವನ್ನೇ ಮಾಡಲಿಲ್ಲ. ಬುತ್ತಿ ನಮ್ಮದು.