ರಾಜ್ಯಸಭೆಯನ್ನು ಬದಿಗೆ ಸರಿಸುವುದು ಸಲ್ಲ

ಮಾನ್ಯರೇ,

ಸಾಮಾನ್ಯ ಮಸೂದೆಗೂ ಧನ ವಿಧೇಯಕದ (ತೆರಿಗೆ, ಸರ್ಕಾರದ ಸಾಲ, ವೆಚ್ಚಗಳಿಗಷ್ಟೇ ಸಂಬಂಧಿಸಿದ ಮಸೂದೆಯ) ಹಣೆಪಟ್ಟಿ ಹಚ್ಚಿ ರಾಜ್ಯಸಭೆಯನ್ನು ಬದಿಗೆ ಸರಿಸುವ ಪರಿಪಾಠ ನಿಲ್ಲಬೇಕು. ಸಂವಿಧಾನದ 109ನೇ ವಿಧಿಯಂತೆ ಧನ ವಿಧೇಯಕವನ್ನು ರಾಜ್ಯಸಭೆ 14 ದಿನಗಳೊಳಗೆ ಹಿಂತಿರುಗಿಸಬೇಕು. ಅದರ ಶಿಫಾರಸುಗಳನ್ನು ಲೋಕಸಭೆ ಒಪ್ಪಲೇಬೇಕೆಂದಿಲ್ಲ. 2016ರಲ್ಲಿ ಧನ ವಿಧೇಯಕವೆಂದೇ ಮಂಡಿಸಲಾದ ಆಧಾರ್ ಮಸೂದೆಗೆ ರಾಜ್ಯಸಭೆ ಸೂಚಿಸಿದ ಐದು ತಿದ್ದುಪಡಿಗಳು, ಬೇಡವೆನ್ನುವವರು ಆಧಾರ್‌ನಿಂದ ಹೊರಬರಲು ಅವಕಾಶವಿರಬೇಕೆಂಬುದೂ ಸೇರಿ, ಅದೇ ದಿನ ಲೋಕಸಭೆಯಲ್ಲಿ ತಿರಸ್ಕೃತವಾದವು. ಬೀಡಿ ಕಟ್ಟಿ ಬೆರಳು ಸವೆದ ನಮ್ಮೂರಿನ ಹಿರಿಯ ಹೆಂಗಸರು ಪಡಿತರ ಅಂಗಡಿಯ ಯಂತ್ರಕ್ಕೆ ಮತ್ತೆ ಮತ್ತೆ ಹೆಬ್ಬೆರಳು ಒತ್ತುವುದನ್ನು ಕಂಡಾಗಲೆಲ್ಲ, ಆ ಚರ್ಚೆ ಇನ್ನಷ್ಟು ನಡೆಯಬೇಕಿತ್ತು ಎನಿಸಿ ನೋವಾಗುತ್ತದೆ. ಮಸೂದೆ ಯಾವ ಬಗೆಯದೆಂದು ಲೋಕಸಭಾಧ್ಯಕ್ಷರು ನಿರ್ಧರಿಸುವ ಮುನ್ನ, ಎರಡೂ ಸದನಗಳ ಹಿರಿಯ ಸದಸ್ಯರ ಸಮಿತಿಯೊಂದರ ಅಭಿಪ್ರಾಯ ಪಡೆಯುವ ನಿಯಮವನ್ನು ಸಂಸತ್ತು ರೂಪಿಸಲಿ.

– ಓರ್ವ ಓದುಗ, ಕಾಪು, ಉಡುಪಿ ಜಿಲ್ಲೆ