ಕೊಲೆಸ್ಟ್ರಾಲ್ ಇಳಿಸುವ ಎಣ್ಣೆ?

ಸಂಪಾದಕರೇ,

ಎಣ್ಣೆ ಪ್ಯಾಕೆಟ್ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಅಂತ ದಪ್ಪಕ್ಷರದಲ್ಲಿ ಹಾಕುತ್ತಾರಲ್ಲ, ಅದೇನು ದೊಡ್ಡ ವಿಷಯವಲ್ಲ. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಯಲ್ಲಿ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಮೊದಲೇ ಇರುವುದಿಲ್ಲ. ಕೊಲೆಸ್ಟ್ರಾಲ್ ಇಳಿಸಲು ಸ್ವಲ್ಪವಾದರೂ ಕೆಲಸ ಮಾಡುವುದು ಸಸ್ಯ ಸ್ಟೆರಾಲ್, ಅಂದರೆ ಎಣ್ಣೆ, ಕಾಳು, ಬೀಜಗಳಲ್ಲಿ ಸಹಜವಾಗಿ ಇರುವ ಒಂದು ಅಂಶ. ರಚನೆಯಲ್ಲಿ ಕೊಲೆಸ್ಟ್ರಾಲ್ ತರಹವೇ ಇರುವ ಇದು ಕರುಳಿನಲ್ಲಿ ಅದರ ಜಾಗಕ್ಕೆ ನುಗ್ಗಿ, ರಕ್ತಕ್ಕೆ ಸೇರುವ ಕೊಲೆಸ್ಟ್ರಾಲನ್ನು ತಡೆಯುತ್ತದೆ. ಇದರದೇ ಜಾತಿಯ ಸ್ಟ್ಯಾನಾಲ್ ಬೆರೆಸಿದ 'ಬೆನೆಕಾಲ್' ಮಾರ್ಗರಿನ್ (ಬೆಣ್ಣೆಯ ಬದಲು ಬಳಸುವ ಪದಾರ್ಥ) ಫಿನ್ಲೆಂಡಿನ ಅಂಗಡಿಗಳಿಗೆ 1995ರಲ್ಲೇ ಬಂದಿತ್ತು.

ದಿನಕ್ಕೆ ಸುಮಾರು 2 ಗ್ರಾಂ ಸ್ಟೆರಾಲ್ ತಿಂದರೆ ಕೆಟ್ಟ ಕೊಲೆಸ್ಟ್ರಾಲ್ ಶೇ 8-10ರಷ್ಟು ಇಳಿಯುತ್ತದೆ. ಆದರೆ ಬೇಳೆಕಾಳು, ಎಣ್ಣೆ, ಬೀಜ ಎಲ್ಲ ಸೇರಿದರೂ ಮಾಮೂಲಿ ಊಟದಲ್ಲಿ ಸಿಗುವುದು ಅರ್ಧ ಗ್ರಾಂ ಆಸುಪಾಸು, ಅಷ್ಟೇ. ತೌಡಿನ ಎಣ್ಣೆಯಲ್ಲಿ ಸ್ಟೆರಾಲ್ ಜಾಸ್ತಿ ಅನ್ನುವುದು ನಿಜ, ಹಾಗಂತ ಅದರಲ್ಲೇ ಬಜ್ಜಿ ಕರಿದು ತಿಂದು, ಕೊಲೆಸ್ಟ್ರಾಲ್ ಇಳಿಸಲು ಡಾಕ್ಟರ್ ಕೊಟ್ಟ ಸ್ಟ್ಯಾಟಿನ್ ಮಾತ್ರೆ ಬಿಟ್ಟರೆ ಹೃದಯಕ್ಕೆ ಒಳ್ಳೆಯದಾಗುತ್ತಾ?

ಯುರೋಪಿನಲ್ಲಿ ಸ್ಟೆರಾಲ್ ಸೇರಿಸಿದ ಆಹಾರದ ಮೇಲೆ ಸ್ಟೆರಾಲ್ ದಿನಕ್ಕೆ 3 ಗ್ರಾಂ ಮೀರಬೇಡಿ, ಗರ್ಭಿಣಿಯರು, ಬಾಣಂತಿಯರು, 5 ವರ್ಷದೊಳಗಿನ ಮಕ್ಕಳಿಗೆ ಇದು ಸರಿಹೋಗದಿರಬಹುದು ಅಂತ ಬರೆಯಲೇಬೇಕು. ಇಲ್ಲಿ ಮಾರುವ ಡಬ್ಬಿಗಳ ಮೇಲೂ ಇಂಥ ಎಚ್ಚರಿಕೆ ಕನ್ನಡದಲ್ಲಿ, ವಯಸ್ಸಾದವರೂ ಓದುವಷ್ಟು ದಪ್ಪಗೆ ಇರಲಿ.

– ಒಬ್ಬ ಓದುಗ, ತುಮಕೂರು